ಹಿತ್ತಲಿನ ಬಹಮನಿ ಕೊಟ್ಟಿಗೆ

ಬಾಯಿ ಸುಮ್ಮನಿಡಲು ಬಾರದವರಿಗೆ ದೇವರು ಮನೆ ಕೊಟ್ಟರೂ ಹಿತ್ತಲು ಕೊಡಬಾರದು. ನಾನು ಅಂಥವನೇ, ಒಪ್ಪಿಕೊಂಡುಬಿಡುತ್ತೇನೆ. ಭಾಲ್ಕಿಯಲ್ಲಿ ನಮ್ಮ ಹಿತ್ತಲಿಗೊಂದು ಕೆಂಪು ಕಲ್ಲಿನ ಕೊಟ್ಟಿಗೆಯಿತ್ತು. ದಪ್ಪ ಗೋಡೆ, ಬಾಗಿಲಿಗೆ ಕಮಾನು, ಒಳಗೆ ದೀಪದ ಗೂಡು. ಎಮ್ಮೆ ಹೋದ ಮೇಲೆ ಅದರಲ್ಲಿ ಬರೀ ಒಲೆಗೆ ಹಾಕುವ ಸಗಣಿ ಕುಳ್ಳು. ಅದನ್ನು ಕೆಡವಿ ಬಚ್ಚಲು ಕಟ್ಟಿಸಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. "ಚೊಚ್ಚಲ ಬಾಣಂತನಕ್ಕ ಮಗಳು ಬರ್ತಾಳ್ರಿ. ತಟ್ಟಿ ಮರ್ಯಾಗ ಎರಕೋಬೇಕೇನು ಆಕಿ?" ಗೌಂಡಿ ಖಾದರಭಾಯಿಗೆ ಸೋಮವಾರ ಬರಲು ಹೇಳಿಯೂ ಆಗಿತ್ತು.

ಆಗಿನ್ನೂ ನಾವು ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಉರ್ದುವಿನಲ್ಲೇ ಕಲಿತು ಕಾರಕೂನನಾದ ನಾನು ಕನ್ನಡದಲ್ಲೊಂದು ಟಿಪ್ಪಣಿ ಬರೆಯಲು ತಿಣುಕುತ್ತಿದ್ದೆ. ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರಿಗೆ ಔರಾದದಿಂದ ಬೀದರದವರೆಗಿನ ಹಳೆಯ ಕಲ್ಲಿನ ಕಟ್ಟಡಗಳ ಪಟ್ಟಿ ಬೇಕಾಗಿತ್ತು. ಕೋಟೆ ಗುಮ್ಮಟ ಸಾಲವಂತೆ. ಕುದುರೆ ಲಾಯ, ಕಣಜ, ಕೊಟ್ಟಿಗೆಗಳೂ ಬೇಕಂತೆ! ಆ ಸೋಮವಾರಕ್ಕೆ ಎರಡು ದಿನ ಮೊದಲು ಮನೆಗೆ ಚಹಕ್ಕೆ ಬಂದರು. ಬರವಣಿಗೆಯ ಕೊರತೆಯನ್ನು ಬಾಯಿಂದ ತುಂಬೋಣವೆಂದು ಅವರನ್ನು ಹಿತ್ತಲಿಗೆ ಕರೆದೊಯ್ದು, "ಇದು ಬಹಮನಿ ಕಾಲದ್ದು ಅನ್ನಸ್ತದ್ರಿ" ಎಂದೆ. ಸಾಹೇಬರು ಕಮಾನು ಸವರಿ, "ಅದ್ಭುತ ಕಣ್ರೀ! ಒಂದು ಕಲ್ಲನ್ನೂ ಅಲುಗಿಸಬೇಡಿ" ಎಂದು ಪಟ್ಟಿಯ ಮೊದಲಿಗೇ ಬರೆದುಕೊಂಡರು. ನಾನು ಉಬ್ಬಿದೆ. ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

ಸೋಮವಾರ ಹಾರೆ ಹಿಡಿದು ಬಂದ ಖಾದರಭಾಯಿ ವಿಷಯ ಕೇಳಿ ನಕ್ಕದ್ದೇ ನಕ್ಕದ್ದು. "ಅರೆ ಸಾಬ್, ಎಲ್ಲಿ ಬಹಮನಿರಿ? ನಿಮ್ಮ ಅಪ್ಪಾರ ಎಮ್ಮಿಗಿ ನಾನೇ ಕಟ್ಟೀನಿ! ನೀವು ಆಗ ಹೈದ್ರಾಬಾದ ಸಾಲ್ಯಾಗಿದ್ರಿ. ಕಲ್ಲು ಊರಾಗಿನ ಬಿದ್ದ ವಾಡೇದ್ದು, ಕಮಾನಿನ ಶೌಕು ನಂದು!"

ನಿಜ ಹೇಳೋಣವೆಂದು ಮೂರು ಸಲ ಸಾಹೇಬರ ಕೋಣೆಗೆ ಹೋದೆ. ಮೂರು ಸಲವೂ "ಬನ್ನಿ ಬಹಮನಿಯವರೇ" ಎಂದು ಕುರ್ಚಿ ತೋರಿಸಿದರು. ಅಷ್ಟು ಮರ್ಯಾದೆ ಸಿಕ್ಕಾಗ ಹೇಗೆ ಬಾಯಿ ಬಿಡಲಿ? ಕುರ್ಚಿಯಲ್ಲಿ ಕೂತು, ಎದ್ದು ಬಂದೆ.

ಹೆಂಡತಿಯೇ ದಾರಿ ತೆಗೆದಳು. "ಕೆಡವಬ್ಯಾಡ್ರಿ ಅಂದಾರ. ಜಳಕ ಮಾಡಬ್ಯಾಡ್ರಿ ಅಂದಿಲ್ಲಲ್ಲ?" ಕುಳ್ಳು ಹೊರಗೆ ಹೋಯಿತು, ಹಂಡೆ ಒಳಗೆ ಬಂತು, ದೀಪದ ಗೂಡಿಗೆ ಸೀಗೆಪುಡಿ, ಕಮಾನಿಗೆ ಪರದೆ. ಮಗಳು ಬಂದು, ಹಡೆದು, ಬೆಚ್ಚಗೆ ಎರೆದುಕೊಂಡಳು. ನನಗಂತೂ ಖುಷಿಯೋ ಖುಷಿ.

ಒಂದು ಮುಂಜಾನೆ ಮೈಗೆಲ್ಲ ಸಾಬೂನು ಹಚ್ಚಿಕೊಂಡು ಒಳಗೆ ಕೂತಿದ್ದೆ. ಹೊರಗೆ ಬೂಟಿನ ಸಪ್ಪಳ. ಸಾಹೇಬರು ಮೈಸೂರಿನ ನಾಲ್ವರು ಅತಿಥಿಗಳಿಗೆ ಕಮಾನು ವಿವರಿಸುತ್ತ, "ಒಳಗೂ ನೋಡಬಹುದೇನಮ್ಮಾ?" ಎಂದರು.

"ನೋಡ್ರಿ ಸಾಹೇಬ್ರ, ಒಳಗೂ ಬಹಮನಿ ಕಾಲದ್ದು ಒಂದದ," ಅಂದಳು ನನ್ನ ಹೆಂಡತಿ. "ಸ್ವಲ್ಪ ನಿಂದರ್ರಿ, ಮೈ ಒರಸಕೊಂಡು ತಾನೇ ಹೊರಗ ಬರ್ತದ."