ಹೊಸ ಮೀನಿನ ದೀಪ

ಮನೆಯಲ್ಲಿ ಸಾಕಿದ ಮೀನಿಗೆ ನಿದ್ದೆ ಕೆಟ್ಟರೆ ನಾಡಿಗೇ ನಷ್ಟ ಎಂಬುದು ಸರ್ಕಾರ ಒಪ್ಪಿಕೊಂಡಿರುವ ಸತ್ಯ. ಗಾಜಿನ ತೊಟ್ಟಿಗೆ ಬೆಳಕು ಹೆಚ್ಚಾದರೆ ಪಾಚಿ ಕಟ್ಟುತ್ತದೆ, ಮೀನು ಕಂಗಾಲಾಗುತ್ತದೆ. ಆದ್ದರಿಂದ ತೊಟ್ಟಿಯ ದೀಪ ಹಗಲು ಮಾತ್ರ ಉರಿಯತಕ್ಕದ್ದು. ಸಂಜೆ ಆರರ ಮೇಲೆ ತೊಟ್ಟಿಯಿರುವ ಕೋಣೆಯಲ್ಲಿ ಯಾವುದೇ ಬೆಳಕು ಇರತಕ್ಕದ್ದಲ್ಲ. ಇದನ್ನು ಜಾರಿಗೆ ತರುವ ಗೃಹಮೀನು ಕಲ್ಯಾಣ ಇಲಾಖೆಯಲ್ಲಿ ನಾನು ತನಿಖಾಧಿಕಾರಿ. ನನ್ನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಉಪಕಾರ ಮಾಡುವವನಿಗೆ ಎಲ್ಲಿಯ ಮರ್ಯಾದೆ ಬಿಡಿ.

ದರ್ಜಿಯ ಮನೆಯಲ್ಲಿ ಕತ್ತಲಾದ ಮೇಲೂ ದೀಪ ಉರಿಯುತ್ತದೆಂದು ಎದುರು ಮನೆಯವರು ದೂರು ಕೊಟ್ಟರು. ಹೋದೆ. ಮನೆಯೆಂದರೆ ಒಂದೇ ಕೋಣೆ. ಹೊಲಿಗೆ ಮಿಷನ್ನು, ಒಲೆ, ಸುತ್ತಿಟ್ಟ ಹಾಸಿಗೆ, ಕಿಟಕಿಯ ಪಕ್ಕ ತೊಟ್ಟಿ, ತೊಟ್ಟಿಯಲ್ಲಿ ಎರಡು ಗೋಲ್ಡ್ ಫಿಶ್. ಬಲ್ಬಿನ ಕೆಳಗೆ ಮಗಳು ಓದುತ್ತ ಕೂತಿದ್ದಳು. ನರ್ಸಿಂಗ್ ಸೇರಲು ಪರೀಕ್ಷೆ ಬರೆಯಬೇಕಂತೆ. ಹಗಲೆಲ್ಲ ಅಪ್ಪನ ಜೊತೆ ಕಾಜಾ, ಗುಂಡಿ ಹೊಲಿಯುವವಳಿಗೆ ಓದಲು ರಾತ್ರಿಯೇ ಗತಿಯಂತೆ. ಇಂಥದ್ದೆಲ್ಲ ನಿಯಮದಲ್ಲಿ ಬರುವುದಿಲ್ಲ.

"ತೊಟ್ಟಿಗೆ ಬೆಡ್‌ಶೀಟ್ ಹೊದಿಸಿದ್ದೀನಲ್ಲ ಸಾರ್," ಎಂದ ದರ್ಜಿ.

ಅದು ಅಕ್ರಮ ಬಂಧನವಾಗುತ್ತದೆಂದು ತಿಳಿಸಿದೆ. ಹಾಗಾದರೆ ಮೀನನ್ನೇ ಯಾರಿಗಾದರೂ ಕೊಟ್ಟುಬಿಡುತ್ತೇನೆಂದ. ಮೀನಿನ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. ಇದುವರೆಗೆ ಯಾವ ಮೀನೂ ಒಪ್ಪಿಗೆ ಕೊಟ್ಟಿಲ್ಲವೆಂಬುದನ್ನೂ ಹೇಳಿದೆ. ಮುಚ್ಚಿಡುವ ಬುದ್ಧಿ ನನ್ನದಲ್ಲ. ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಹುಡುಗಿ ಕತ್ತಲಲ್ಲೂ ಪುಸ್ತಕ ಮಡಚಲಿಲ್ಲ. ನನಗೆ ಸಿಟ್ಟು ಬಂತು, ಒಂದು ಗಳಿಗೆ ಪಾಪ ಅನಿಸಿದ್ದೂ ನಿಜ.

ಮರುದಿನ ದರ್ಜಿ ಕಚೇರಿಗೆ ಬಂದು ದೊಡ್ಡ ಸಾಹೇಬರ ಕಾಲು ಹಿಡಿದ. ಆಗಲೇ ಸಾಹೇಬರಿಗೆ ತಮ್ಮ ಪ್ಯಾಂಟು ಬಿಗಿಯಾಗಿರುವುದು ನೆನಪಾಯಿತು. ಅಲ್ಲೇ ಸೊಂಟದ ಅಳತೆಯಾಯಿತು. ಪ್ಯಾಂಟಿನ ಜೊತೆಗೆ ಕೋಟೂ ಬಂದ ಮೇಲೆ ಅವರಿಗೆ ದಾರಿ ಹೊಳೆಯಿತು.

"ನಿಯಮದಲ್ಲಿ ಮನುಷ್ಯರಿಗೆ ಜಾಗ ಇಲ್ಲ ಕಣಯ್ಯ," ಎಂದರು. "ಮೀನಿಗಿದೆ. ಹೊಸ ಮೀನನ್ನ ಹಳೇದರ ಜೊತೆ ಬಿಡೋ ಹಾಗಿಲ್ಲ. ಬೇರೆ ತೊಟ್ಟಿ, ಬೇರೆ ದೀಪ, ಅದು ರಾತ್ರಿ ಉರಿದರೂ ಸರಿ. ಮಗಳನ್ನ ಹೊಸ ಮೀನು ಅಂತ ಬರೆಸು."

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಬರೆಸಿದ. ಬೇರೆ ಮೀನುಗಳನ್ನು ಕಚ್ಚುವುದುಂಟೇ ಎಂದು ನಾನು ಅವರ ಮನೆಗೆ ಹೋಗಿ ಕೇಳಿದಾಗ, ಚಿಕ್ಕವಳಿದ್ದಾಗ ಅಜ್ಜಿಯ ಕೈ ಕಚ್ಚಿದ್ದಳೆಂದು ಹುಡುಗಿಯ ತಾಯಿ ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ನಾನು ಮೂಲೆಯಲ್ಲಿ ಸೀಮೆಸುಣ್ಣದಿಂದ ಚೌಕ ಎಳೆದು, ಇದು ತೊಟ್ಟಿ ಎಂದು ದೃಢೀಕರಿಸಿ, ಬಲ್ಬು ವಾಪಸು ಕೊಟ್ಟೆ. ಹುಡುಗಿ ಚೌಕದೊಳಗೆ ಕೂತು ಹಟ ಹಿಡಿದು ಓದಿದಳು. ಗೋಲ್ಡ್ ಫಿಶ್‌ಗಳಿಗೆ ಬೆಳಕು ಬಿತ್ತಾದರೂ ಅದು ಮೀನಿನಿಂದ ಮೀನಿಗೆ ಆದ ತೊಂದರೆ, ಇಲಾಖೆಗೆ ಸಂಬಂಧಿಸಿದ್ದಲ್ಲ.

ಪರೀಕ್ಷೆಯ ದಿನ ಬಾಗಿಲಲ್ಲಿದ್ದ ಮೇಲ್ವಿಚಾರಕಿ ಸರ್ಕಾರಿ ಪಟ್ಟಿಯಲ್ಲಿ ಇವಳ ಹೆಸರು ಮೀನುಗಳ ಸಾಲಿನಲ್ಲಿರುವುದನ್ನು ಕಂಡುಹಿಡಿದರು. ಒಳ್ಳೆಯ ಹೆಂಗಸು, ಬೈಯಲಿಲ್ಲ. ಮೀನಿಗೆ ಪರೀಕ್ಷೆ ಬರೆಯಲು ಅವಕಾಶವಿಲ್ಲವೆಂದು ಹೇಳಿ, ಒಂದು ಲೋಟ ನೀರು ಕೊಟ್ಟು ವಾಪಸು ಕಳಿಸಿದರು.

ದರ್ಜಿ ಓಡಿ ಬಂದು ಮಗಳ ಹೆಸರು ತೆಗೆಸಿಕೊಡಿ ಎಂದು ಗೋಗರೆದ. ಹೆಸರು ತೆಗೆಯಲು ನಿಯಮದಲ್ಲಿ ಇರುವುದು ಒಂದೇ ಕಾರಣ, ಸಾವು.

ಸಾಹೇಬರು ಹೊಸ ಕೋಟಿನಲ್ಲೇ ಎದ್ದು ಬಂದು ಅವನ ಭುಜ ತಟ್ಟಿದರು. "ಸತ್ತ ದಿನ ಬಾ. ನಿಂತ ಕಾಲಲ್ಲಿ ಮಾಡಿಸಿಕೊಡ್ತೀನಿ."

ದರ್ಜಿ ಕೈ ಮುಗಿದು, ದೊಡ್ಡ ಉಪಕಾರವಾಯಿತೆಂದು ಹೇಳಿ ಹೋದ.

ಮೊನ್ನೆ ಮತ್ತೆ ತನಿಖೆಗೆ ಹೋಗಿದ್ದೆ. ಮನೆ ಶಿಸ್ತಾಗಿತ್ತು. ಹುಡುಗಿ ಚೌಕದೊಳಗೆ ದೀಪದ ಕೆಳಗಿದ್ದಳು, ಪುಸ್ತಕ ಇರಲಿಲ್ಲ. ಎದುರು ಮನೆಯವರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಅದಕ್ಕೆ ಹುಡುಗಿಯನ್ನು ತೋರಿಸುತ್ತಿದ್ದರು. ತಾಯಿ ತಟ್ಟೆಯಲ್ಲಿ ಅನ್ನ ಹಾಕಿಕೊಂಡು ಬಂದವಳು ನನ್ನನ್ನು ಕಂಡು ನಿಂತಳು.

"ಎಷ್ಟು ಹಾಕಬೇಕು ಸಾರ್?"

"ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟು. ಜಾಸ್ತಿಯಾದ್ರೆ ನೀರು ಕೆಡುತ್ತಮ್ಮ."

ತಾಯಿ ಅರ್ಧ ಅನ್ನ ಪಾತ್ರೆಗೆ ವಾಪಸು ಹಾಕಿದಳು. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಆರೋಗ್ಯ ಚೆನ್ನಾಗಿದೆ ಎಂದು ಬರೆದುಕೊಂಡೆ.