ಜ್ವಾಲಾಮುಖಿಯ ಬಾಯಿ

ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ಕದಿರೇಶನನ್ನು ಕೆಡಿಸಿದ್ದು ಎರಡೇ ಅಕ್ಷರದ ಒಂದು ಮಾತು: ‘ಸುಮ್ನೆ’.

ಹಿಂದಿನ ವಾರ ಅವನ ಫೋನಿಗೆ ಬೆಟ್ಟವೊಂದು ಬೆಂಕಿ ಕಾರುವ ವಿಡಿಯೋ ಬಂದಿತ್ತು. ವಿವರಣೆ ಅರಬ್ಬಿಯಲ್ಲಿತ್ತು. ‘ಬುರ್ಕಾನ್, ಬುರ್ಕಾನ್’ ಎಂದು ಆ ದನಿ ಹೇಳುತ್ತಿದ್ದುದು ಸ್ನಾನದ ನೀರು ಕಿವಿಯಲ್ಲಿ ಉಳಿದಂತೆ ಉಳಿದುಬಿಟ್ಟಿತು. ಏನೆಂದು ಹುಡುಕಿದ, ಜ್ವಾಲಾಮುಖಿ ಎಂದು ತಿಳಿಯಿತು. ಹಾಗಾದರೆ ಭೂಕಂಪಕ್ಕೆ? ಗುಡುಗಿಗೆ? ಫೋನಿನಲ್ಲಿ ಭಾಷೆ ಕಲಿಸುವ ಆ್ಯಪ್ ಒಂದು ಸಿಕ್ಕಿತು. ಅದು ದಿನಕ್ಕೆ ಕೆಲವೇ ಪದಗಳನ್ನು ಕೊಟ್ಟು, ಉಳಿದದ್ದು ನಾಳೆಗೆಂದು ಮುಚ್ಚಿಕೊಳ್ಳುತ್ತಿತ್ತು.

ಆ ಬೆಳಿಗ್ಗೆ ಕದಿರೇಶ ಹಿತ್ತಿಲಿನಲ್ಲಿ ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇಟ್ಟುಕೊಂಡು ಪಾಠ ಒಪ್ಪಿಸುತ್ತಿದ್ದ. “ಜಿಲ್ಜಾಲ್, ಭೂಕಂಪ. ರಅದ್, ಗುಡುಗು. ಬರ್ಕ್, ಮಿಂಚು. ರಮಾದ್, ಬೂದಿ.” ಜ್ವಾಲಾಮುಖಿಯ ಬಾಯಿಗೆ ಏನೆನ್ನುತ್ತಾರೆ ಎನ್ನುವಷ್ಟರಲ್ಲಿ ಆ್ಯಪ್ ಮುಚ್ಚಿಕೊಂಡಿತು. ಕದಿರೇಶನಿಗೆ ಸೀನು ಬಂದೂ ಬಾರದಂತಾಯಿತು.

ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಆವಲಪ್ಪನವರ ತಲೆ ಕಾಂಪೌಂಡಿನ ಮೇಲೆ ಮೂಡಿತು.

“ಏನ್ಲಾ ಕದಿರೇಶಾ, ಯಾವ ಮಂತ್ರ ಅದು?”

“ಮಂತ್ರ ಅಲ್ಲ ಆವಲಪ್ಪಣ್ಣ, ಅರಬ್ಬಿ ಕಲೀತಿದ್ದೀನಿ.”

“ಯಾಕೆ?”

“ಸುಮ್ನೆ.”

ಆವಲಪ್ಪನವರು ಮುಗುಳ್ನಕ್ಕರು. ಯಾವುದನ್ನೇ ಆಗಲಿ ಪರೀಕ್ಷೆಗೆ, ಕೆಲಸಕ್ಕೆ, ಇಲ್ಲವೇ ಮದುವೆಗೆ ಕಲಿಯಬೇಕೆಂದು ನಂಬಿರುವ ಸಮಾಜ ನಮ್ಮದು. ತಿಳಿಯುವ ಆಸೆಯಿಂದ ಕಲಿಯುವವನನ್ನು ನಾವು ಹುಚ್ಚನೆನ್ನುತ್ತೇವೆ. ಹುಚ್ಚನಂತೆ ಕಾಣದಿದ್ದರೆ ಕಳ್ಳನೆನ್ನುತ್ತೇವೆ. ಕದಿರೇಶ ಹುಚ್ಚನಂತೆ ಕಾಣುತ್ತಿರಲಿಲ್ಲ.

“ದುಬೈ ತಾನೇ?” ಎಂದರು ಆವಲಪ್ಪನವರು, ದನಿ ತಗ್ಗಿಸಿ.

“ಅಯ್ಯೋ, ಇಲ್ಲಣ್ಣ! ಎಲ್ಲಿಗೂ ಹೋಗ್ತಿಲ್ಲ.”

“ಸರಿ ಬಿಡು, ನನಗರ್ಥ ಆಯ್ತು. ವೀಸಾ ಕೈಗೆ ಬರೋವರ್ಗೂ ಯಾರ್ಗೂ ಹೇಳ್ಬಾರ್ದು. ಕಣ್ಣು ಬೀಳುತ್ತೆ.”

ಕದಿರೇಶನ ದಾರಿಯೆಲ್ಲ ಮುಚ್ಚಿಹೋದದ್ದು ಇಲ್ಲಿಯೇ. ಆ ಬೀದಿಯಲ್ಲಿ ಬಸಿರಾದವಳೂ ಹೇಳುವುದಿಲ್ಲ, ಸೈಟು ಕೊಂಡವನೂ ಹೇಳುವುದಿಲ್ಲ. ಕಣ್ಣು ಬಿದ್ದೀತೆಂಬ ಭಯ. ಆದ್ದರಿಂದ ‘ಇಲ್ಲ’ ಎಂದವನ ಗುಟ್ಟು ಅಲ್ಲಿ ಆ ಕ್ಷಣವೇ ಖಾತ್ರಿಯಾಗುತ್ತದೆ. ಎಷ್ಟು ಗಟ್ಟಿಯಾಗಿ ‘ಇಲ್ಲ’ ಎಂದರೆ ಅಷ್ಟು ಹತ್ತಿರ ವಿಮಾನ!

ಮಂಡಿಗೆ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಹೋಗಿ ಕುಳಿತಿತ್ತು. ಮಾಲೀಕ ಚನ್ನರಾಯಪ್ಪನವರು ಬಾದಾಮಿ ಮಾವಿನ ರಾಶಿಯ ಮುಂದೆ ಎದ್ದು ನಿಂತರು.

“ಏಮಯ್ಯಾ! ನನಗೂ ಹೇಳ್ದೆ ಹೊರಟ್ಯಾ?”

“ಯಜಮಾನ್ರೇ, ಸತ್ಯವಾಗಿ ನಾನು ಎಲ್ಲಿಗೂ...”

“ಚುಪ್! ದೃಷ್ಟಿ ಆಗ್ತದೆ,” ಎಂದು ಅವರು ಕಣ್ಣು ಮಿಟುಕಿಸಿದರು. ಹಮಾಲರೆಲ್ಲ ಸೇರಿ ಅವನ ತಲೆಗೊಂದು ಮೈಸೂರು ಪೇಟ ಇಟ್ಟರು. ಅದು ಯಾರದೋ ದೊಡ್ಡ ತಲೆಗೆ ಮಾಡಿಸಿದ್ದು. ಕದಿರೇಶನ ಹುಬ್ಬನ್ನೂ ನುಂಗಿತು. ಸೌತೆಕಾಯಿಗೆ ಮಡಕೆ ಕವುಚಿದಂತೆ ನಿಂತು ಅವನು ಹಾರ ಹಾಕಿಸಿಕೊಂಡ. ಒಬ್ಬ ಅತ್ತರು ಕೇಳಿದ, ಒಬ್ಬ ಖರ್ಜೂರ ಕೇಳಿದ, ಇನ್ನೊಬ್ಬ ತನ್ನ ಭಾಮೈದನನ್ನೇ ಕರೆದುಕೊಂಡು ಹೋಗೆಂದ. ಪೇಟದ ಕತ್ತಲೊಳಗೆ ಕದಿರೇಶ ಯೋಚಿಸುತ್ತಿದ್ದದ್ದು ಮಾತ್ರ ಒಂದೇ: ಜ್ವಾಲಾಮುಖಿಯ ಬಾಯಿಗೆ ಏನೆನ್ನಬಹುದು?

ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ ತ್ರಿವೇಣಿ ಹೊಲಿಗೆ ಯಂತ್ರದ ಮುಂದೆ ಅಳುತ್ತ ಕುಳಿತಿದ್ದಳು.

“ಕಟ್ಕೊಂಡ ಹೆಂಡ್ತಿಗೂ ಹೇಳ್ಬಾರ್ದಾ? ನನ್ ಕಣ್ಣೂ ಬೀಳುತ್ತಾ ನಿಮ್ಗೆ?”

“ನೀನೂ ನಂಬಿದ್ಯೇನೇ?” ಎಂದು ಕದಿರೇಶ ತಾನೇ ತಟ್ಟೆಗೆ ಬಡಿಸಿಕೊಂಡು ಕುಳಿತ.

“ನಾನ್ ನಂಬೋದಿರ್ಲಿ. ಓನರಮ್ಮ ಮನೆಗೆ ಬೇರೆಯವ್ರನ್ನ ನೋಡಿಬಿಟ್ಟವ್ರೆ! ಸಂಜೆ ಬರ್ತಾರಂತೆ. ಶುಕ್ರವಾರ ಹಾಲು ಉಕ್ಕಿಸ್ತಾರಂತೆ!”

ಕದಿರೇಶನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು. ಬೋರ್‌ವೆಲ್ಲಿನ ನೀರು ನಲ್ಲಿಯಲ್ಲಿ ಬರುವ ಬಾಡಿಗೆ ಮನೆ ಆ ಊರಿನಲ್ಲಿ ಸಿಗುವುದು ಆಷಾಢದಲ್ಲಿ ಮಾವಿನಹೂ ಸಿಕ್ಕಂತೆ. ತ್ರಿವೇಣಿಯ ಬಳಿ ರವಿಕೆ ಹೊಲಿಸುವವರೆಲ್ಲ ಅದೇ ಬೀದಿಯವರು. ಆ ಮನೆ ಹೋದರೆ ನೀರೂ ಹೋಯಿತು, ಹೊಲಿಗೆಯೂ ಹೋಯಿತು.

“ನಿಮ್ ಜ್ವಾಲಾಮುಖಿಗೆ ಬೆಂಕಿ ಬೀಳ!” ಎಂದಳು ತ್ರಿವೇಣಿ.

ಸಂಜೆ ಮನೆಯ ಒಡತಿ ಭಾರತಮ್ಮ ತಟ್ಟೆಯಲ್ಲಿ ವೀಳ್ಯದೆಲೆ ಹಿಡಿದೇ ಬಂದರು. ಹಿಂದೆ ಹೊಸ ಬಾಡಿಗೆದಾರ ಶ್ರೀಧರ್, ಅವನ ಹಿಂದೆ ಆವಲಪ್ಪನವರು, ಅವರ ಹಿಂದೆ ಅರ್ಧ ಬೀದಿ.

“ಅಮ್ಮಾ, ನಿಮ್ ಕಾಲಿಗ್ ಬೀಳ್ತೀನಿ. ನಾನು ಎಲ್ಲಿಗೂ ಹೋಗ್ತಿಲ್ಲ. ಪದ ಕಲೀತಿದ್ದೆ, ಅಷ್ಟೇ!”

“ಕೆಲ್ಸ ಇಲ್ದೆ ಯಾರಾದ್ರೂ ಅರಬ್ಬಿ ಕಲೀತಾರೇನಪ್ಪಾ?” ಎಂದರು ಭಾರತಮ್ಮ.

ಆವಲಪ್ಪನವರ ತಲೆಯಲ್ಲಿ ಮಿಂಚು ಹೊಳೆಯಿತು. “ತಡೀರಿ! ಈ ಶ್ರೀಧರಪ್ಪ ಸೌದೀಲಿ ಎಷ್ಟೋ ವರ್ಷ ಡ್ರೈವರ್ ಆಗಿದ್ದೋರು. ಇವ್ರೇ ಪರೀಕ್ಷೆ ಮಾಡ್ಲಿ. ಲೇ ಕದಿರೇಶಾ, ಹೇಳೋ.”

ಕದಿರೇಶ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತ. “ಬುರ್ಕಾನ್. ಜಿಲ್ಜಾಲ್. ರಅದ್. ಬರ್ಕ್. ರಮಾದ್.”

ಶ್ರೀಧರ್ ಅವನನ್ನು ಮೇಲಿಂದ ಕೆಳಗೆ ನೋಡಿದ; ಮನೆಯ ನಲ್ಲಿಯನ್ನೂ ಒಮ್ಮೆ ನೋಡಿದ. ಆಮೇಲೆ ನಿಧಾನವಾಗಿ ಅಡ್ಡಡ್ಡ ತಲೆಯಾಡಿಸಿದ.

“ಇದು ಅರಬ್ಬಿ ಅಲ್ಲಮ್ಮ. ಅಷ್ಟು ವರ್ಷ ಅಲ್ಲೇ ಇದ್ದೆ, ಒಬ್ರ ಬಾಯಲ್ಲೂ ಇವು ಕೇಳ್ಲಿಲ್ಲ. ಯಾರೋ ಇವ್ರಿಗೆ ಟೋಪಿ ಹಾಕವ್ರೆ. ಇಲ್ಲಾ, ಇವ್ರೇ ನಿಮಗೆ ಹಾಕ್ತಾವ್ರೆ.”

ಕದಿರೇಶನ ಎದೆಯಲ್ಲಿ ಮೊದಲು ಮೂಡಿದ್ದು ಆನಂದ. “ನೋಡಿದ್ರಾ! ನನಗೆ ಅರಬ್ಬಿ ಬರಲ್ಲ. ದುಬೈಗೆ ಯಾರ್ ಕರೀತಾರೆ ನನ್ನ? ಈಗ್ಲಾದ್ರೂ ನಂಬ್ತೀರಾ?”

“ನಂಬಿದೆ,” ಎಂದರು ಭಾರತಮ್ಮ. “ದುಬೈಗೂ ಇಲ್ಲ, ಅರಬ್ಬೀನೂ ಇಲ್ಲ. ಬೆಳಿಗ್ಗೆಯಿಂದ ಬೀದಿಗೆಲ್ಲಾ ನಾಟಕ ಆಡ್ದೆ. ಹಾರ ಹಾಕಿಸ್ಕೊಂಡೆ, ಪೇಟ ಇಡಿಸ್ಕೊಂಡೆ. ಸುಳ್ಳು ಹೇಳೋರು ನನ್ ಮನೇಲಿ ಇರಬಾರ್ದು ಕಣಪ್ಪಾ. ಗುರುವಾರಕ್ಕೆ ಖಾಲಿ ಮಾಡು.”

ವೀಳ್ಯದೆಲೆ ಶ್ರೀಧರನ ಕೈಗೆ ಹೋಯಿತು. ದಿನವಿಡೀ ನಿಜವನ್ನೇ ಹೇಳಿದ ಒಬ್ಬನೇ ಒಬ್ಬ ಮನುಷ್ಯ ಸುಳ್ಳುಗಾರನೆನಿಸಿಕೊಂಡು ಗೇಟಿನ ಬಳಿ ನಿಂತ. ನೆರೆದವರಲ್ಲಿ ಒಬ್ಬರಿಗಾದರೂ ನಾಚಿಕೆಯಾಯಿತೇ? ಇಲ್ಲ, ಧಾರಾವಾಹಿಗೆ ಹೊತ್ತಾಯಿತೆಂದು ಎಲ್ಲರೂ ಮನೆಗೆ ನಡೆದರು.

ಕೊನೆಗೆ ಹೊರಟವನು ಶ್ರೀಧರ್. ಆಚೀಚೆ ನೋಡಿ ಕದಿರೇಶನ ಕಿವಿಯ ಹತ್ತಿರ ಬಂದ.

“ತಪ್ಪು ತಿಳ್ಕೋಬೇಡಿ ಸಾರ್. ನೀವು ಹೇಳಿದ್ದೆಲ್ಲಾ ಸರಿಯಾಗೇ ಇತ್ತು. ಬುರ್ಕಾನು, ಜಿಲ್ಜಾಲು, ಎಲ್ಲಾ. ಅಲ್ಲಿನ ಹಳೇ ಬೆಂಕಿಬೆಟ್ಟ ನೋಡೋಕೆ ಬರೋ ಪ್ರೊಫೆಸರುಗಳನ್ನ ಜೀಪಲ್ಲಿ ಕರ್ಕೊಂಡು ಸುತ್ತೋದೇ ನನ್ ಕೆಲ್ಸ ಆಗಿತ್ತು. ಏನ್ ಮಾಡ್ಲಿ, ನೀರಿರೋ ಮನೆ ಈ ಊರಲ್ಲಿ ಎಲ್ಲೂ ಸಿಗ್ತಿಲ್ಲ.”

ಕದಿರೇಶನ ಮೂಗಿನ ಹೊಳ್ಳೆಗಳು ಅರಳಿದವು. ಕಿವಿ ಕೆಂಪಾಯಿತು. ಒಳಗಿನಿಂದ ನೋಡುತ್ತಿದ್ದ ತ್ರಿವೇಣಿ, ಇವತ್ತು ತನ್ನ ಗಂಡ ಮದುವೆಯಾದ ಮೇಲೆ ಮೊದಲ ಬಾರಿಗೆ ಒಬ್ಬರ ಕೊರಳಪಟ್ಟಿ ಹಿಡಿಯುತ್ತಾನೆಂದು ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

ಕದಿರೇಶ ಕೊರಳಪಟ್ಟಿಯನ್ನು ಹಿಡಿದದ್ದೇನೋ ನಿಜ. ಹಿಡಿದು, ಹತ್ತಿರಕ್ಕೆ ಎಳೆದು, ನಡುಗುವ ದನಿಯಲ್ಲಿ ಕೇಳಿದ:

“ಹಂಗಾದ್ರೆ ಆ ಬೆಟ್ಟದ ಬಾಯಿಗೆ ಏನಂತಾರೆ, ಹೇಳ್ರೀ?”

“ಅದಕ್ಕಾ?” ಎಂದ ಶ್ರೀಧರ್, ಬೆಚ್ಚಿ. “ಫೂಹಾ.”

“ಫೂಹಾ,” ಎಂದ ಕದಿರೇಶ. ಇನ್ನೊಮ್ಮೆ ಹೇಳಿಕೊಂಡ. ಬೆಳಗಿನಿಂದ ಕಟ್ಟಿಕೊಂಡಿದ್ದ ಸೀನು ಬಂದಂತಾಯಿತು. ಕೊರಳಪಟ್ಟಿಯನ್ನು ಬಿಟ್ಟು, ಅದರ ಸುಕ್ಕನ್ನು ಅಂಗೈಯಿಂದ ಸವರಿ, “ಶುಕ್ರವಾರ ಹಾಲು ಉಕ್ಕಿಸೋಕೆ ಮುಂಚೆ ನಲ್ಲಿ ಸ್ವಲ್ಪ ಹೊತ್ತು ಬಿಡಿ. ಮೊದಲು ಕೆಂಪು ನೀರು ಬರುತ್ತೆ,” ಎಂದ.

ತ್ರಿವೇಣಿ ಹಣೆ ಚಚ್ಚಿಕೊಂಡು, ಪಾತ್ರೆ ಕಟ್ಟಲು ಗೋಣಿಚೀಲ ಹುಡುಕಿಕೊಂಡು ಒಳಗೆ ಹೋದಳು.