ಮೇಯರಮ್ಮನ ತಗಡಿನ ಮಾಡು

ಬಿಸಿಲಿಗೋ ಮಳೆಗೋ ನಾಲ್ಕು ಕಂಬ ನೆಟ್ಟು ಮೇಲೆ ಏನಾದರೂ ಹೊದಿಸುತ್ತಾರಲ್ಲ, ಅದಕ್ಕೆ ನಮ್ಮ ವಿಜಯಪುರದ ಕಡೆ ಒಂದು ಹೆಸರಿತ್ತು. ಹಂ... ಹಂಚು ಅಲ್ಲ, ಹಂದಿಯಂತೂ ಅಲ್ಲವೇ ಅಲ್ಲ. ನಾಲಿಗೆಯ ತುದಿಯವರೆಗೆ ಬಂದು ತಿರುಗಿ ಹೋಗುತ್ತದೆ. ಮದುವೆಯಾಗಿ ಮಂಗಳೂರಿಗೆ ಬಂದು ನಲವತ್ತೈದು ವರ್ಷವಾಯಿತು. ಇಲ್ಲಿಯವರು ದೊಂಪ ಅನ್ನುತ್ತಾರೆ, ಗಟ್ಟಿಯಾಗಿದ್ದರೆ ಮಾಡು ಅನ್ನುತ್ತಾರೆ. ಇರಲಿ, ಮಾಡು ಅಂತಲೇ ಇಟ್ಟುಕೊಳ್ಳೋಣ. ನಾನು ಹೇಳಹೊರಟಿರುವುದು ಅಂಥ ಒಂದು ಮಾಡಿನ ವಿಷಯ, ಮತ್ತು ಅದರ ಹಿಂದೆ ಒಂದು ವರ್ಷ ಓಡಿದ ನಮ್ಮ ಮೇಯರಮ್ಮನ ವಿಷಯ.

ನಾನು ಅವರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅವರು ನದಿಯಾಚೆಯ ಬೆಂಗ್ರೆಯವರು, ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ವಾರ್ಡಿನಲ್ಲಿ ನಿಂತು ಗೆದ್ದರು. ಮೀಸಲಾತಿಯ ಪಟ್ಟಿ ಬಂದಾಗ ಮೇಯರ್ ಕುರ್ಚಿ ತಾನಾಗಿಯೇ ನಡೆದು ಅವರ ಹತ್ತಿರ ಬಂತು. ಅದೂ ಒಂದೇ ವರ್ಷಕ್ಕೆ. ಆ ವರ್ಷವೋ, ಗಲ್ಫಿಗೆ ಹೋದವರು ಕೆಲಸ ಕಳೆದುಕೊಂಡು ಪೆಟ್ಟಿಗೆ ಸಮೇತ ವಾಪಸು ಬರುತ್ತಿದ್ದರು. ಕಡಲಲ್ಲಿ ಮೀನಿಲ್ಲ, ಅಂಗಡಿಯಲ್ಲಿ ಗಿರಾಕಿ ಇಲ್ಲ, ಪಾಲಿಕೆಯ ಕೈಯೂ ಖಾಲಿ. ಅಂಥ ಕಾಲದಲ್ಲಿ ಅವರು ಬೆಂಗ್ರೆಯ ಹೆಂಗಸರಿಗೆ ಒಂದು ಮಾತು ಕೊಟ್ಟಿದ್ದರು: ಪೇಟೆಗೆ ಹೋಗುವ ದೋಣಿ ಕಾಯುವ ಕಡವಿನಲ್ಲಿ, ಬುಟ್ಟಿ ಇಳಿಸಿ ಕೂರಲು ಒಂದು ಮಾಡು. ಅದು ಆಗದಿದ್ದರೆ, ಅಧಿಕಾರ ಮುಗಿದ ಮರುದಿನದಿಂದ ಅದೇ ಹೆಂಗಸರ ಜೊತೆ, ಅದೇ ದೋಣಿಯಲ್ಲಿ, ಜೀವಮಾನವಿಡೀ ಓಡಾಡಬೇಕು.

"ತಪ್ಪಿಸಿಕೊಂಡು ಹೋಗಲಿಕ್ಕೆ ಬೇರೆ ದಾರಿಯೂ ಇಲ್ಲ ಅಕ್ಕಾ," ಅನ್ನುತ್ತಿದ್ದರು. "ಮೂರು ಕಡೆ ನೀರು."

ಇಂಥವರ ಕೈಕೆಳಗೆ ಕೆಲಸ ಮಾಡುವವರು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ದಿನಾ ಬೆಳಿಗ್ಗೆ ದೋಣಿ ಹತ್ತಿ ಕಚೇರಿಗೆ ಬರುತ್ತದೆ.

ಮೊದಲ ಸಭೆ

ಇದ್ದಬದ್ದ ದುಡ್ಡಿನಲ್ಲಿ ಒಂದೇ ಚರಂಡಿ ಮಾಡಬಹುದಿತ್ತು. ಕೇಳುವವರು ಎರಡು ಗುಂಪು. ಊಟದ ಹೊತ್ತಾದರೂ ಬೊಬ್ಬೆ ನಿಲ್ಲಲಿಲ್ಲ. ಮೇಯರಮ್ಮ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು, ಕಣ್ಣು ಅರ್ಧ ಮುಚ್ಚಿತ್ತು. ಆ ಗದ್ದಲ ಕೇಳುತ್ತಾ ಕೇಳುತ್ತಾ ಅವರು ಸಭೆಯಿಂದ ಎದ್ದು ಎಲ್ಲೋ ಹೋಗಿಬಿಟ್ಟಂತೆ ಕಂಡಿತು. ಎಲ್ಲಿಗೆ ಹೋಗಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ನಸುಕಿನಲ್ಲಿ ಮೀನು ಏಲಂ ಕೂಗುವ ಬಂದರಿನ ಧಕ್ಕೆಗೆ.

ತಟ್ಟನೆ ಮೇಜಿಗೆ ಬಡಿದರು. "ಈ ಕಡೆ ಎಷ್ಟು ಕೈ? ಹತ್ತು! ಹತ್ತು, ಹತ್ತು, ಹತ್ತು! ಆ ಕಡೆ ಹನ್ನೊಂದು ಉಂಟಾ? ಉಂಟು! ಹನ್ನೊಂದು ಒಂದು ಸರ್ತಿ! ಹನ್ನೊಂದು ಎರಡು ಸರ್ತಿ! ಮೇಲೆ ಹೋಗುವವರು ಯಾರಾದ್ರೂ ಉಂಟಾ? ಹನ್ನೊಂದು ಮೂರು ಸರ್ತಿ! ಆಯ್ತು, ಚರಂಡಿ ಆ ಕಡೆಯವರಿಗೆ ಹೋಯ್ತು, ತೆಗೀರಿ!"

ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದ ಹಿರಿಯ ಸದಸ್ಯರೊಬ್ಬರು ಗಾಬರಿಯಿಂದ ಎದ್ದು ಕೈ ಎತ್ತಿದರು.

"ಬಂಗುಡೆಯಾ? ನನಗೆ ಅರ್ಧ ಬುಟ್ಟಿ ಇರಲಿ!"

ಕನಸಿನ ವರದಿ

ತುರ್ತು ಫೈಲು ಇದ್ದರೆ ನಾನೇ ಬೆಳಿಗ್ಗೆ ಬೆಂಗ್ರೆಗೆ ಹೋಗಿ, ಅವರ ಜೊತೆ ದೋಣಿಯಲ್ಲಿ ಬರುತ್ತಾ ಸಹಿ ಹಾಕಿಸಿಕೊಳ್ಳುತ್ತಿದ್ದೆ. ನದಿಯ ಮೇಲೆ ಮಂಜು, ಎಂಜಿನಿನ ಡಬಡಬ, ತೊಟ್ಟಿಲಿನ ಹಾಗೆ ತೂಗುವ ದೋಣಿ. ಆಚೆ ದಡ ಇದೆಯೋ ಇಲ್ಲವೋ ಅನ್ನಿಸುವಂಥ ಬೆಳಗು. ಮೇಯರಮ್ಮ ಒಂದು ಕೈಯಲ್ಲಿ ಸಹಿ ಹಾಕುತ್ತಾ ರಾತ್ರಿಯ ಕನಸು ಹೇಳುತ್ತಿದ್ದರು.

"ನಿನ್ನೆ ಮಾಡು ಬಂತು ಅಕ್ಕಾ. ಕಂಬ ಇರಲಿಲ್ಲ. ಮೋಡದ ಹಾಗೆ ಸುಮ್ಮನೆ ನಿಂತಿತ್ತು. ಕೆಳಗೆ ನಾವೆಲ್ಲ ಎಲೆಯಡಿಕೆ ಹಾಕ್ತಾ ಕೂತಿದ್ದೆವು."

ಮುಂದಿನ ವಾರ ಕನಸಿನಲ್ಲಿ ಕಂಬ ಬಂದಿತ್ತು, ಆದರೆ ಮಾಡು ಹಾರಿ ಲಕ್ಷದ್ವೀಪದ ಕಡೆ ಹೋಗಿತ್ತು.

ಹಿಂದಿನ ಹಲಗೆಯಲ್ಲಿ ಬುಟ್ಟಿ ಹೆಂಗಸರಲ್ಲೇ ಹಿರಿಯಳಾದ ಒಬ್ಬಳು ಅಜ್ಜಿ ಕೂರುತ್ತಿದ್ದಳು. ಮೇಯರಮ್ಮನನ್ನು ಎಳೆಯ ಮಗುವಾಗಿದ್ದಾಗಿನಿಂದ ಕಂಡವಳು. ಅವಳ ಬಾಯಿಗೆ ಮೇಯರೂ ಒಂದೇ, ಬೂತಾಯಿ ಮೀನೂ ಒಂದೇ. "ಏ ಮಾರಾಯ್ತಿ," ಅಂದಳು, "ನಿನ್ನ ಮಾಡು ಬರುವುದು ನಿದ್ದೆಯಲ್ಲಿ. ನನ್ನ ತಲೆ ಒದ್ದೆಯಾಗುವುದು ಎಚ್ಚರದಲ್ಲಿ. ಎರಡನ್ನೂ ಒಂದು ಕಡೆ ಸೇರಿಸಲಿಕ್ಕೆ ಆಗ್ತದಾ ನೋಡು."

ಆ ಮಾತು ಮೇಯರಮ್ಮನಿಗೆ ನಾಟಿತು. ಅಂದೇ ಎಂಜಿನಿಯರರನ್ನು ಕರೆಸಿ, ಮಾಡಿನ ಉದ್ದ ಅಗಲ, ಬಣ್ಣ, ಅದರ ಕೆಳಗೆ ಬೀಸುವ ಗಾಳಿ, ಎಲ್ಲವನ್ನೂ ಕಂಡದ್ದು ಕಂಡ ಹಾಗೆ ವಿವರಿಸಿದರು. ಎಂಜಿನಿಯರರು ಪಾಪ ಒಳ್ಳೆಯವರು. ಪೂರ್ತಿ ಬರೆದುಕೊಂಡು, ಕನ್ನಡಕ ತೆಗೆದು, ಬಹಳ ಗೌರವದಿಂದ ಕೇಳಿದರು:

"ಕನಸಿನಲ್ಲಿ ಟೆಂಡರ್ ಆಗಿತ್ತಾ ಮೇಡಂ?"

ನಂತೂರಿನಲ್ಲಿ

ಡೀಸೆಲಿಗೂ ತತ್ವಾರವಾದಾಗ ಮೇಯರಮ್ಮ ತಮ್ಮ ಕಾರನ್ನು ತಾವೇ ನಿಲ್ಲಿಸಿದರು. "ನಾನು ಬುಟ್ಟಿ ಹಿಡಿದು ಹೋಗ್ತಿದ್ದ ಸಿಟಿ ಬಸ್ಸು ಇನ್ನೂ ಉಂಟಲ್ಲ" ಅಂದರು.

ಒಂದು ಮಧ್ಯಾಹ್ನ ಯಾವುದೋ ಶಾಲೆಯ ಕಾರ್ಯಕ್ರಮಕ್ಕೆ ಹೊರಟಿದ್ದೆವು. ನಂತೂರಿನಲ್ಲಿ ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತಿತು. ಮುಂದೆ ಲಾರಿ, ಹಿಂದೆ ಲಾರಿ, ಮೇಲೆ ಸೂರ್ಯ. ಮೇಯರಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು, ಮುಖದಲ್ಲಿ ಸಣ್ಣ ನಗು. ಮಾಡು ಬಂದಿರಬೇಕು ಅಂದುಕೊಂಡೆ.

ಮುಂದಿನ ಸೀಟಿನವರು ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಾ ರೇಗಿದರು. "ಎಂತ ಅವಸ್ಥೆ ಮಾರಾಯ್ರೆ ಇದು! ಜನ ಇಲ್ಲಿ ಬೇಯ್ತಾ ಇದ್ದಾರೆ. ಆ ಮೇಯರ್ ಎಲ್ಲಿ ಬಿದ್ದುಕೊಂಡಿದ್ದಾರೋ ಏನೋ!"

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಕಚೇರಿಯಲ್ಲಿ ನನಗೆ ಬಂದ ಅಭ್ಯಾಸ. "ಇಲ್ಲೇ," ಅಂದೆ. "ಈಗಷ್ಟೇ ಕಣ್ಣು ಹತ್ತಿದೆ."

ಅವರು ತಿರುಗಿ ನೋಡಿದರು. ಮುಖ ಕೆಂಪಾಯಿತು, ಬಿಳಿಯಾಯಿತು. ಮೆಲ್ಲಗೆ ಎದ್ದು, ಕಂಡಕ್ಟರನ ಕಿವಿಯಲ್ಲಿ ಪಿಸುಗುಟ್ಟಿದರು:

"ಹಾರ್ನ್ ಹೊಡೀಬೇಡ ಅಂತ ಡ್ರೈವರನಿಗೆ ಹೇಳು ಮಾರಾಯ. ಪಾಪ, ಮಲಗಿದ್ದಾರೆ."

ಶಾಲು ಬೇಡ

ಎಂಟು ತಿಂಗಳು ಕಳೆದರೂ ಕಡವಿನಲ್ಲಿ ಒಂದು ಕಂಬ ಏಳಲಿಲ್ಲ. ಊರಿನಲ್ಲಿ ಎಲ್ಲದಕ್ಕೂ ಬರ, ಸನ್ಮಾನಕ್ಕೆ ಮಾತ್ರ ಇಲ್ಲ. ವಾರಕ್ಕೆ ನಾಲ್ಕು ವೇದಿಕೆ. ಪ್ರತಿ ವೇದಿಕೆಯಲ್ಲೂ ಶಾಲು, ಹಾರ, ಹಣ್ಣಿನ ಬುಟ್ಟಿ, ನಡೆಯದ ಗಡಿಯಾರವಿರುವ ಸ್ಮರಣಿಕೆ. ಸೆಕೆಗೆ ಬೆವರುವ ಊರಿನಲ್ಲಿ ಅಷ್ಟು ಶಾಲು ಹೊದ್ದ ಹೆಂಗಸು ಬೇರೆ ಯಾರೂ ಇರಲಿಕ್ಕಿಲ್ಲ.

ಒಂದು ದಿನ ಮೈಕಿನಲ್ಲೇ ಹೇಳಿಬಿಟ್ಟರು. "ಇನ್ನು ಮುಂದೆ ನನಗೆ ಶಾಲು ಬೇಡ, ಹಾರ ಬೇಡ, ಹಣ್ಣು ಬೇಡ. ಸನ್ಮಾನ ಮಾಡ್ಲೇಬೇಕು ಅಂತ ಇದ್ದರೆ ಮಾಡಿಗೆ ಹಾಕುವ ಒಂದು ತಗಡಿನ ಶೀಟು ಕೊಡಿ. ಹಳೇದಾದ್ರೂ ಅಡ್ಡಿಲ್ಲ, ತೂತು ಬೇಡ."

ಮೊದಲು ಮುಂದೆ ಬಂದದ್ದು ಉರ್ವದ ಒಂದು ಸಂಘ. ಶೀಟು ತಂದರು, ಸರಿ. ಆದರೆ ಸನ್ಮಾನ ಅಂದ ಮೇಲೆ ಹೊದಿಸಬೇಕಲ್ಲ? ಹೊದಿಸದೆ ಕೈಗೆ ಕೊಟ್ಟರೆ ಅದು ಸನ್ಮಾನ ಆಗುವುದಿಲ್ಲ, ಸಾಮಾನು ಆಗುತ್ತದೆ. ಅಧ್ಯಕ್ಷರು ಒಂದು ತುದಿ, ಕಾರ್ಯದರ್ಶಿ ಇನ್ನೊಂದು ತುದಿ ಹಿಡಿದು, ಶಾಲಿನ ಹಾಗೆಯೇ ಅವರ ಮುಂದೆ ತಂದು ನಿಲ್ಲಿಸಿದರು. ಬೇಡವೆಂದರೂ ತಂದಿದ್ದ ಹಾರವನ್ನು ಶೀಟಿಗೇ ಹಾಕಿದರು. ಎಲ್ಲರೂ ಕ್ಯಾಮೆರಾ ಕಡೆ ನೋಡಿದರು.

ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು: ನಗುವ ಅಧ್ಯಕ್ಷರು, ನಗುವ ಕಾರ್ಯದರ್ಶಿ, ನಡುವೆ ಹಾರ ಹಾಕಿದ ತಗಡು, ಕೆಳಗೆ ಎರಡು ಪಾದ. ಅಡಿಯಲ್ಲಿ ಬರೆದಿತ್ತು: "ಹಸನ್ಮುಖರಾಗಿ ಸನ್ಮಾನ ಸ್ವೀಕರಿಸಿದ ಮೇಯರ್."

ಆಮೇಲೆ ಶೀಟುಗಳು ಬರತೊಡಗಿದವು. ನೀಲಿ, ಹಸಿರು, ತುಕ್ಕಿನ ಬಣ್ಣ. ಗಲ್ಫಿನಿಂದ ವಾಪಸು ಬಂದವರೊಬ್ಬರು ಅರ್ಧ ಕಟ್ಟಿದ ಕಾರ್ ಶೆಡ್ಡಿನ ಮಾಡನ್ನೇ ಬಿಚ್ಚಿಕೊಟ್ಟರು. "ಕಾರು ಬರುವ ಹಾಗೆ ಕಾಣುವುದಿಲ್ಲ ಮೇಡಂ. ನೀವಾದರೂ ಕೂತುಕೊಳ್ಳಿ." ಹಳೆಯ ದೋಣಿ ಒಡೆದವರು ಕಂಬಕ್ಕೆ ಮರ ಕೊಟ್ಟರು. ಆ ಶೀಟುಗಳನ್ನು ನದಿ ದಾಟಿಸುವಾಗ ಬೆಳಗಿನ ಬಿಸಿಲು ಅವುಗಳ ಮೇಲೆ ಬಿದ್ದು, ನಾವು ಬೆಳಕನ್ನೇ ಬಲೆ ಹಾಕಿ ಹಿಡಿದು ತರುತ್ತಿದ್ದೇವೋ ಅನ್ನಿಸುತ್ತಿತ್ತು.

"ಕನಸಿನಲ್ಲಿ ಇಷ್ಟು ಬಣ್ಣ ಇರಲಿಲ್ಲ," ಅಂದರು ಮೇಯರಮ್ಮ.

ಉದ್ಘಾಟನೆ

ಅಧಿಕಾರದ ಕೊನೆಯ ವಾರ. ಕಡವಿನಲ್ಲಿ ಮಾಡು ಎದ್ದು ನಿಂತಿತ್ತು. ಶೀಟು ಕೊಟ್ಟವರೆಲ್ಲ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದರು. ಬಂದವರು ತಲೆಯೆತ್ತಿ ತಮ್ಮ ತಮ್ಮ ಶೀಟು ಹುಡುಕಿ, ಅದರ ಕೆಳಗೇ ನಿಂತರು. "ಇದು ನಮ್ಮ ಸಂಘದ್ದು." "ಸ್ವಲ್ಪ ಆಚೆ ನಿಲ್ಲಿ, ನೀವು ನಮ್ಮ ಶೀಟಿನ ಕೆಳಗೆ ಇದ್ದೀರಿ."

ಸ್ವಾಗತ ಭಾಷಣ ಸುರುವಾಗುವಾಗ ಕಾಲವಲ್ಲದ ಕಾಲದಲ್ಲಿ ಮಳೆ ಹೊಯ್ಯಿತು. ಹೊರಗಿದ್ದ ಉಳಿದ ಗಣ್ಯರೂ ಒಳಗೆ ನುಗ್ಗಿದರು. ಒಳಗೆ ಕಾಲಿಡಲು ಜಾಗವಿಲ್ಲ. ಬುಟ್ಟಿ ಹೆಂಗಸರು ಹೊರಗೆ, ಮಳೆಯಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ನಿಂತಿದ್ದರು, ಪ್ರತಿ ವರ್ಷದ ಹಾಗೆ.

ಅಜ್ಜಿ ಅಲ್ಲಿಂದಲೇ ಕೂಗಿದಳು. "ಚಂದ ಆಯ್ತು ಮಾರಾಯ್ತಿ! ಮೊದಲು ಮಾಡು ಇಲ್ಲದೆ ಒದ್ದೆಯಾಗ್ತಿದ್ದೆವು. ಈಗ ಮಾಡು ನೋಡ್ತಾ ಒದ್ದೆಯಾಗ್ತಾ ಇದ್ದೇವೆ!"

ಮೇಯರಮ್ಮನ ಮುಖ ನಾನು ನೋಡಿದೆ. ಒಂದು ವರ್ಷದ ಓಡಾಟ ಆ ಮಳೆಯಲ್ಲಿ ತೊಳೆದುಹೋದ ಹಾಗಿತ್ತು. ಮೈಕನ್ನು ನನ್ನ ಕೈಗೆ ಕೊಟ್ಟು ಸೀದಾ ಮಳೆಗೆ ಇಳಿದರು. ಅಜ್ಜಿಯ ತಲೆಯಿಂದ ಬುಟ್ಟಿ ತೆಗೆದು ತಮ್ಮ ತಲೆಗೆ ಇಟ್ಟುಕೊಂಡರು. "ದಾರಿ! ದಾರಿ! ಬೂತಾಯಿ ಬಂತು, ದಾರಿ ಬಿಡಿ!" ಅನ್ನುತ್ತಾ ಗಣ್ಯರ ಮಧ್ಯಕ್ಕೇ ನುಗ್ಗಿದರು. ಹಿಂದೆಯೇ ಉಳಿದ ಹೆಂಗಸರು.

ಬೂತಾಯಿಯ ಬುಟ್ಟಿಯಿಂದ ಇಳಿಯುವ ನೀರನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆಯ ನೀರು ಒಣಗುತ್ತದೆ, ಆ ನೀರು ಪಂಚೆಯ ಜೊತೆ ಮನೆಗೆ ಬರುತ್ತದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಡಿನ ಕೆಳಗೆ ಒಬ್ಬ ಗಣ್ಯನೂ ಇರಲಿಲ್ಲ. ಒಬ್ಬರಂತೂ ದೋಣಿಯ ಕಡೆ ಓಡುತ್ತಲೇ ತಿರುಗಿ, "ಕಾರ್ಯಕ್ರಮ ಒಳ್ಳೆದಾಯ್ತು ಮೇಡಂ!" ಅಂದರು.

ಹೆಂಗಸರು ಬುಟ್ಟಿ ಇಳಿಸಿ, ಸೊಂಟ ನೀವಿಕೊಂಡು, ಸಾಲಾಗಿ ಕೂತರು. ತಗಡಿನ ಮೇಲೆ ಮಳೆ ಒಂದೇ ಸಮನೆ ಹಾಡುತ್ತಿತ್ತು. ಅಷ್ಟರಲ್ಲಿ ಮೇಯರಮ್ಮ ಮತ್ತೆ ಹೊರಗೆ ಹೋಗಿ, ಹಿಂದೆ ಉಳಿದಿದ್ದ ಒಂದು ಬುಟ್ಟಿ ತಂದಿಟ್ಟು, ತಲೆಯಿಂದ ಕಾಲಿನವರೆಗೆ ತೊಪ್ಪೆಯಾಗಿ, ಕೊನೆಗೊಮ್ಮೆ ತಾವೂ ಕೂರಲು ಬಂದರು. ಅಜ್ಜಿ ಕೈ ಅಡ್ಡ ಹಿಡಿದಳು.

"ನಿಲ್ಲು, ಅಲ್ಲೇ ನಿಲ್ಲು! ಸೆರಗು ಹಿಂಡಿಕೊಂಡು ಬಾ. ಮೀನು ಒದ್ದೆಯಾಗ್ತದೆ!"

ನಾನು ಇಷ್ಟು ಹೇಳುವಷ್ಟರಲ್ಲಿ, ಬರೆದುಕೊಳ್ಳುತ್ತಿದ್ದ ನನ್ನ ಮೊಮ್ಮಗಳು ಪೆನ್ನು ಬಿಟ್ಟು, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಾಳೆ. "ಅಜ್ಜಿ, ಮೀನು ಒದ್ದೆಯಾಗುವುದಾ!" ನಕ್ಕು ಮುಗಿಸಿ ಪೆನ್ನು ತಗೊಂಡು ಬಾ ಕೂಸೆ, ನನ್ನ ಕೈ ಈಗೀಗ ನಡುಗುತ್ತದೆ. ಹೇಳಿದ ಹಾಗೇ ಬರೆದಿಡು. ಮೇಯರಮ್ಮ ಎರಡು ಮಾತಾಡದೆ ಹೊರಗೆ ಹೋಗಿ, ಸೆರಗು ಹಿಂಡಿಕೊಂಡೇ ಒಳಗೆ ಬಂದರು. ಅದನ್ನೂ ಬರಿ.